ಸತ್ತವರು ಪಾಲುದಾರರಲ್ಲ

"ಏ ಮುದುಕಿ, ಬೊಟ್ಟು ಅಂಟ್ಸು ಅಂದ್ರೆ ಅಂಟ್ಸಬೇಕು. ಪುರಾಣ ಹೇಳು ಅಂತ ಕರೆದಿಲ್ಲ ನಿನ್ನ."

ಎಸ್ಟೇಟಿನ ಮ್ಯಾನೇಜರ್ ಮೆಂಜೀಸ್ ಹೀಗೆಂದಾಗ ನಮ್ಮ ಡೋಲಿನಾ ಅತ್ತೆಯ ಬೆರಳ ತುದಿಯಲ್ಲಿ ಹಸಿರು ಕಾಗದದ ಬೊಟ್ಟು ಹಾಗೇ ಇತ್ತು. ಊರ ಸಭಾಂಗಣದ ಮೇಜಿನ ಮೇಲೆ ನಮ್ಮ ಕಣಿವೆಯ ನಕ್ಷೆ. ಈ ನೆಲ ಮುಂದೆಯೂ ಬಾಳೀತೇ, ಇದರಲ್ಲಿ ಯಾವುದನ್ನು ಉಳಿಸಬೇಕು ಎಂದು ಇಲ್ಲಿಯವರನ್ನೇ ಕೇಳಲು ರಾಜಧಾನಿ ಎಡಿನ್‌ಬರಾದಿಂದ ಒಬ್ಬ ಮೇಡಂ ಬಂದಿದ್ದರು. ಗೇಣಿದಾರರಾದ ನಾವೂ ಪಾಲುದಾರರಂತೆ. ಆ ಮಾತಿಗೆ ಗಂಡಸರು ಮುಖ ಮುಖ ನೋಡಿಕೊಂಡಿದ್ದರು.

ಉಳಿಯಬೇಕು ಅನ್ನಿಸಿದ್ದರ ಗುರುತಿನ ಮೇಲೆ ಬೊಟ್ಟು ಅಂಟಿಸಬೇಕು: ನೀರಿಗೆ ಒಂದು, ಹಕ್ಕಿಗೆ ಒಂದು, ಕಾಡಿಗೆ ಒಂದು. ಅತ್ತೆಯ ಬೆರಳು ಅಕ್ವಾನ್ ಹಳ್ಳಿ ಇದ್ದ ಜಾಗದ ಮೇಲೆ ನಿಂತಿತ್ತು. ನಕ್ಷೆಯಲ್ಲಿ ಅಲ್ಲಿ 'ನಿರ್ಜನ, ಮರ ನೆಡಲು ಯೋಗ್ಯ' ಎಂದಿತ್ತು.

"ಇಲ್ಲಿ ಜನ ಅವ್ರೆ," ಎಂದಳು.

"ಯಾರಿದ್ದಾರೆ ಅಜ್ಜಿ?" ಮೇಡಂ ಪೆನ್ನು ತೆಗೆದರು.

"ನಮ್ಮೋರು. ಇವ್ನ ಧಣಿ ಮುತ್ತಾತ ಕುರಿ ಬಿಡಕ್ಕೆ ಅಂತ ಸೂರಿಗೆ ಬೆಂಕಿ ಇಕ್ಕಿ ಓಡ್ಸಿದ್ನಲ್ಲ, ಅವ್ರು. ಎಲ್ರೂ ಓಡ್ಲಿಲ್ಲ. ನಾ ಆ ಕಡೆ ಹೋದಾಗೆಲ್ಲ ಮಾತಾಡಿಸ್ತರೆ."

ಮೆಂಜೀಸ್ ನಕ್ಕ. "ಸತ್ತವರು ಪಾಲುದಾರರಲ್ಲ ಕಣಮ್ಮ. ನಿನ್ನ ಗೇಣಿನೂ ಮೇ ತಿಂಗಳಿಗೆ ಮುಗಿಯುತ್ತೆ, ನೆನಪಿರಲಿ."

ಮಗುವಿಗೆ ಅಕ್ಷರ ತಿದ್ದಿಸುವಂತೆ ಅತ್ತೆಯ ಮಣಿಕಟ್ಟು ಹಿಡಿದು, ಬೊಟ್ಟನ್ನು ಕಾಡಿನ ಗುರುತಿನ ಮೇಲೆ ಒತ್ತಿಸಿದ. ಮೇಡಂ ಕಿಟಕಿಯತ್ತ ತಿರುಗಿದರು. ನಾವೆಲ್ಲ ಅವರು ಕೊಟ್ಟ ಬಿಸ್ಕತ್ತು ಬಾಯಲ್ಲಿಟ್ಟುಕೊಂಡು ನಿಂತಿದ್ದೆವು.

ಆ ಚಳಿಗಾಲ ನಮ್ಮ ಕುರಿನಾಯಿಗಳು ಅಕ್ವಾನ್‌ನ ಮುರುಕು ಗೋಡೆಗಳ ಹತ್ತಿರ ಬಂದರೆ ಬಾಲ ಮಡಚಿ ಕುಳಿತುಬಿಡುತ್ತಿದ್ದವು. ಎಷ್ಟು ಗದರಿದರೂ ಏಳುತ್ತಿರಲಿಲ್ಲ. ಅಲ್ಲಿ ಸುಟ್ಟ ಸೂರುಹುಲ್ಲಿನ ವಾಸನೆ ಬರುತ್ತದೆ ಎಂದು ಪಕ್ಕದ ಮನೆಯ ರೋರಿ ಹೇಳಿದ. ಯಾರೂ ನಗಲಿಲ್ಲ.

ಚಳಿ ಕಳೆಯುವಷ್ಟರಲ್ಲಿ, ಅಕ್ವಾನ್‌ನಲ್ಲಿ ಮರ ನೆಡಲು ಊರವರೆಲ್ಲ ಒಪ್ಪಿದ್ದಾರೆ ಎಂದು ಪತ್ರಿಕೆಯಲ್ಲಿ ಬಂತು. ಸಸಿಗಳಿಗೆ ನೆಲ ಉಳಲು ಯಂತ್ರ ಬರುವ ಬೆಳಿಗ್ಗೆ ಅತ್ತೆ ಬೆನ್ನ ಮೇಲೆ ಉರುವಲಿನ ಹೊರೆ ಹೊತ್ತು ಹೊರಟಿದ್ದಳು.

"ಎಲ್ಲಿಗತ್ತೆ?"

"ಒಲೆ ಹಚ್ಚಕ್ಕೆ. ನಿರ್ಜನ ಅಂತೆ, ಅವ್ರಪ್ಪನ ಪಿಂಡ."

ನಾನೂ ಒಂದು ಹೊರೆ ಎತ್ತಿಕೊಂಡೆ. ತಿರುಗಿ ನೋಡಿದರೆ ಹಿಂದೆ ರೋರಿ, ಅವನ ಹಿಂದೆ ಮಿಕ್ಕವರು. ಅಕ್ವಾನ್‌ನ ಸೂರಿಲ್ಲದ ಗೋಡೆಗಳೊಳಗೆ ಪಾಚಿ ಕೆರೆದು, ಹಳೆಯ ಒಲೆಗಲ್ಲುಗಳನ್ನು ಹುಡುಕಿ ಬೆಂಕಿ ಮಾಡಿದೆವು. ಮೇಲಿನ ಸಾಲಿನ ಮನೆಗಳಿಗಷ್ಟೇ ಉರುವಲು ಸಾಕಾಯಿತು. ಹೊಗೆ ದಟ್ಟವಾಗಿ ಇಳಿಜಾರಿನ ಮೇಲೆ ಕವಿಯಿತು.

ಯಂತ್ರ ಗೋಡೆಯ ಹತ್ತಿರ ಬಂದು ನಿಂತಿತು. ಚಾಲಕ ಆಚೆ ಕಣಿವೆಯವನು. ಎಂಜಿನ್ ಆರಿಸಿ, ಟೋಪಿ ತೆಗೆದ.

"ಯಾಕೋ ನಿಲ್ಸಿದೆ?" ಮೆಂಜೀಸ್ ಕಾರಿನಿಂದ ಇಳಿದು ಕೂಗಿದ.

"ಒಳ್ಗೆ ಸಂಸಾರಸ್ಥರು ಅವ್ರೆ ಸಾರ್. ಒಲೆ ಉರೀತೈತೆ."

"ಪಾಳುಗೋಡೆ ಕಣೋ ಅದು. ಹೊಡಿ."

"ನನ್ ಕೈಲಾಗಲ್ಲ. ನಮ್ ಮುತ್ತಜ್ಜಿ ತವರು ಇದು."

"ಇಳಿ ಕೆಳಗೆ, ಬೋಳಿಮಗನೆ."

ಚಾಲಕ ಇಳಿದ. ಇಳಿದವನು ನೇರ ನಮ್ಮ ಕಡೆ ಬಂದು ಗೋಡೆಯೊಳಗೆ ನಿಂತ. ಮೆಂಜೀಸ್ ತಾನೇ ಸೀಟು ಹತ್ತಿದ. ಎಂಜಿನ್ ಮತ್ತೆ ಗುಡುಗಿತು, ಉಕ್ಕಿನ ಹಲ್ಲುಗಳು ಮೇಲೆದ್ದವು.

ಅತ್ತೆ ಒಲೆಯ ಮುಂದೆ ಹಾಸುಗಲ್ಲಿನ ಮೇಲೆ ಕೂತಿದ್ದಳು, ಏಳಲಿಲ್ಲ. ಹೊಗೆಗೆ ನಾವೆಲ್ಲ ಕೆಮ್ಮುತ್ತಿದ್ದೆವು. ಆಗ, ನಾವು ಯಾರೂ ಕಾಲಿಡದ ಕೆಳಸಾಲಿನ ಮನೆಯಿಂದ ಒಂದು ಕೂಸು ಕೆಮ್ಮಿತು. ಎಂಜಿನ್ನಿನ ಸದ್ದಿನಲ್ಲೂ ಕೇಳಿಸಿತು. ಚಾಲಕನೂ ಕೇಳಿಸಿಕೊಂಡ. ನಮ್ಮಲ್ಲಿ ಯಾರೂ ಕೂಸು ಕರೆತಂದಿರಲಿಲ್ಲ.

ಅತ್ತೆ ಆ ಕಡೆ ನೋಡಲಿಲ್ಲ. ಲಂಗ ಸರಿಮಾಡಿಕೊಂಡು, ಕಲ್ಲಿನ ಮೇಲೆ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಟ್ಟಳು.