ಹನ್ನೊಂದನೆಯ ಚೀಟಿ

ಹೃದ್ರೋಗ ತಜ್ಞೆಯಾಗುವ ಓದಿಗೆ ಸೀಟು ಸಿಕ್ಕ ದಿನ ನಾನು ಕುಣಿಯಬೇಕಿತ್ತು. ಹಗರಿಬೊಮ್ಮನಹಳ್ಳಿ ಆಸ್ಪತ್ರೆಯಲ್ಲಿ ನೂರಿಪ್ಪತ್ತು ರೋಗಿಗಳನ್ನು ನೋಡಿ ಮುಗಿಸಿದವಳಿಗೆ ಕಾಲಲ್ಲಿ ಜೀವವೇ ಇರಲಿಲ್ಲ. ಎಂ.ಡಿ. ಇದೆ, ಪರೀಕ್ಷೆಯ ರ‍್ಯಾಂಕೂ ಇದೆ. ಸರ್ಕಾರಿ ವೈದ್ಯೆಯಾದ್ದರಿಂದ ಮೂರು ವರ್ಷ ಸೇವೆ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು, ಅಷ್ಟೆ.

“ಹನ್ನೊಂದು ದಿನ ಕಮ್ಮಿ ಬೀಳ್ತಾವ್ರಿ ಮೇಡಂ,” ಎಂದರು ಗುಮಾಸ್ತ ವೀರಭದ್ರಯ್ಯ, ಹಾಜರಿ ಪುಸ್ತಕದಿಂದ ತಲೆ ಎತ್ತದೆ.

ಆ ಹನ್ನೊಂದು ದಿನ ನಾನು ತಂಬ್ರಹಳ್ಳಿಯ ಆರೋಗ್ಯ ಕೇಂದ್ರದಲ್ಲಿದ್ದೆ. ಅಲ್ಲಿ ಡಾಕ್ಟರಿಲ್ಲ, ಹೋಗಿ ಬನ್ನಿ ಎಂದು ಮೇಲಿನವರು ಫೋನಿನಲ್ಲಿ ಹೇಳಿದ್ದರು. ಹೋದೆ, ಎಲ್ಲಿಯೂ ಸಹಿ ಮಾಡಲಿಲ್ಲ. ರೋಗಿ ನೋಡುವುದೇ ಕೆಲಸ ಅಂದುಕೊಂಡ ದಡ್ಡಿ ನಾನು.

“ಅಲ್ಲಿ ನೀವು ಬರೆದ ಓಪಿ ಚೀಟಿ ತರ್ರಿ. ತಾರೀಕು, ಸಹಿ ಇರ್ತಾವಲ್ಲ. ದಿನಕ್ಕೊಂದು ಸಾಕು. ಸೋಮವಾರ ಕಡೀ ದಿನ ನೋಡ್ರಿ.”

ನಮ್ಮ ಕಡೆ ಡಾಕ್ಟರ ಚೀಟಿಯನ್ನು ಯಾರೂ ಎಸೆಯುವುದಿಲ್ಲ. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ. ಭಾನುವಾರ ಆಶಾ ಕಾರ್ಯಕರ್ತೆ ಎರ್ರೆಮ್ಮನನ್ನು ಕರೆದುಕೊಂಡು ತಂಬ್ರಹಳ್ಳಿಯ ಮನೆ ಮನೆ ಸುತ್ತಿದೆ. ಡಾಕ್ಟರೇ ಬಾಗಿಲಿಗೆ ಬಂದರೆ ಯಾರು ಬಿಡುತ್ತಾರೆ? ಒಬ್ಬರಿಗೆ ಮಂಡಿ, ಇನ್ನೊಬ್ಬರಿಗೆ ಸಕ್ಕರೆ. ಒಂದು ಹಳೆಯ ಚೀಟಿಗೆ ನಾಲ್ಕು ಹೊಸ ಚೀಟಿ ಬರೆದುಕೊಟ್ಟೆ. ಮೂರು ಗಂಟೆಗೆ ಹತ್ತು ಸಿಕ್ಕಿದ್ದವು. ತಲೆ ಸಿಡಿಯುತ್ತಿತ್ತು.

ಹನ್ನೊಂದನೆಯದು ಹುಲುಗಣ್ಣನ ಮನೆಯಲ್ಲಿತ್ತು. ಕೇಳಿದೊಡನೆ ತಂದುಕೊಟ್ಟ.

ಚೀಟಿಯಲ್ಲಿ ಅವನ ಹೆಂಡತಿಯ ಹೆಸರು: ನಾಗರತ್ನ, ನಲವತ್ತೆರಡು ವರ್ಷ. ಎದೆ ಉರಿ, ಬೆವರು. ಕೆಳಗೆ ನನ್ನದೇ ಕೈಬರಹದಲ್ಲಿ ಗ್ಯಾಸಿನ ಮಾತ್ರೆ. ಎಷ್ಟು ನೆನೆದರೂ ಆಕೆಯ ಮುಖ ನೆನಪಾಗಲಿಲ್ಲ.

“ಈಗ ಹೇಗಿದ್ದಾರೆ?”

“ಅವತ್ತ ಸಂಜಿಗೆ ಹೋದ್ಳ್ರಿ. ಹಾರ್ಟು ಅಂದ್ರು.”

ಎರ್ರೆಮ್ಮ ನೆಲ ನೋಡುತ್ತಿದ್ದಳು. ಅವಳಿಗೆ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಸುಮ್ಮನೆ ಚೀಟಿಯನ್ನು ಬ್ಯಾಗಿಗೆ ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳುವ ಆಸೆಯೂ ಆಯಿತು, ಅಷ್ಟು ಸಾಕಾಗಿಹೋಗಿತ್ತು. ಆದರೆ ಕೈ ಏಳಲಿಲ್ಲ.

“ಹುಲುಗಣ್ಣ, ಅವತ್ತು ತಪ್ಪು ಮಾಡಿದವಳು ನಾನು. ಅದು ಗ್ಯಾಸ್ ಆಗಿರಲಿಲ್ಲ. ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕಿತ್ತು.”

“ಗೊತ್ತೈತ್ರಿ ಅಮ್ಮಾರ. ಅದಕ್ಕ ಇಟ್ಕೊಂಡೀನಿ.” ನನ್ನ ಕೈಯಿಂದ ಚೀಟಿ ವಾಪಸು ತೆಗೆದುಕೊಂಡ.

ಸೀಟು ಹೋಯಿತು ಅಂದುಕೊಂಡೆ. ಮತ್ತೆ ಕೇಳುವ ಮುಖ ನನಗಿರಲಿಲ್ಲ. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡೆ. ಹುಲುಗಣ್ಣನೂ ಹಾಕಿಕೊಂಡ.

“ಇದನ್ನ ಕೊಡಂಗಿಲ್ಲ. ಬರ್ರಿ, ಬಸ್‌ಸ್ಟ್ಯಾಂಡಿನ ಹತ್ರ ಜೆರಾಕ್ಸ್ ಅಂಗಡಿ ತೆರದೈತಿ.”

ಅಂಗಡಿಯಲ್ಲಿ ಅವನೇ ಚೀಟಿಯ ಮಡಿಕೆ ಬಿಡಿಸಿ ಯಂತ್ರದ ಗಾಜಿನ ಮೇಲಿಟ್ಟ.

“ಎರಡು ತಗೀರಿ,” ಎಂದ ಅಂಗಡಿಯವನಿಗೆ. ಪ್ರತಿಗಳು ಬಂದ ಮೇಲೆ ಎರಡನ್ನೂ ನನ್ನ ಕೈಗಿಟ್ಟ.

“ಒಂದು ಆಫೀಸಿಗೆ ಕೊಡ್ರಿ. ಇನ್ನೊಂದು ನಿಮ್ಮ ಹತ್ರ ಇರ್ಲಿ.”