ಅಟ್ಟದ ಮೇಲಿನ ಅಂಕ

ದಂಡಿನಶಿವರದ ಸದಾಶಿವಯ್ಯನವರ ಮನೆಯಲ್ಲಿ ಆ ವರ್ಷ ಇತ್ಯರ್ಥವಾಗಬೇಕಿದ್ದ ಘನವಾದ ಪ್ರಶ್ನೆಯೆಂದರೆ, ದಯಾನಂದನಿಗೆ ಕಾಫಿಯನ್ನು ಸ್ಟೀಲ್ ಲೋಟದಲ್ಲಿ ಕೊಡಬೇಕೋ, ಪಿಂಗಾಣಿ ಕಪ್ಪಿನಲ್ಲಿ ಕೊಡಬೇಕೋ ಎಂಬುದು. ಅವನು ಸದಾಶಿವಯ್ಯನವರ ತಂಗಿ ಗುರುಸಿದ್ದಮ್ಮನ ಮಗ. ಹುಟ್ಟಿದಾಗಿನಿಂದ ಲೋಟದಲ್ಲೇ ಕುಡಿದವನು. ಮಗಳು ವರ್ಷಿಣಿಗೂ ಅವನಿಗೂ ಮದುವೆಯ ಮಾತಾದ ಮೇಲೆ ಅಳಿಯನ ಮರ್ಯಾದೆಗೆಂದು ಕಪ್ಪು ಸಾಸರು ಬೀರುವಿನಿಂದ ಹೊರಬಂದಿದ್ದವು. ಅಷ್ಟರಲ್ಲಿ ಆಸ್ಟ್ರೇಲಿಯಾ ಅಡ್ಡ ಬಂತು. ಕಪ್ಪು ಮತ್ತೆ ಬೀರು ಸೇರಿತು.

ವರ್ಷಿಣಿ ತಿಪಟೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಆ ದೇಶದ ವೀಸಾಕ್ಕೆ ವಯಸ್ಸಿಗಿಷ್ಟು, ಅನುಭವಕ್ಕಿಷ್ಟು, ಇಂಗ್ಲಿಷಿಗಿಷ್ಟು ಎಂದು ಅಂಕ ಕೊಡುತ್ತಾರೆ. ಅಂಕ ಹೆಚ್ಚಿದ್ದವರಿಗೆ ಮೊದಲು ಆಹ್ವಾನ. ತುಮಕೂರಿನ ಏಜೆಂಟ್ ಸೂರ್ಯಪ್ರಕಾಶ್ ಬಿಡಿಸಿ ಹೇಳಿದ: ಮದುವೆಯಾಗದವರಿಗೆ ಹತ್ತು ಅಂಕ, ಆಗಿದ್ದು ಗಂಡನಿಗೆ ಇಂಗ್ಲಿಷ್ ಬಂದರೆ ಐದು, ಬಾರದಿದ್ದರೆ ಏನೂ ಇಲ್ಲ. ಕೊಬ್ಬರಿ ಮಂಡಿಯಲ್ಲಿ ಬೆಳೆದ ದಯಾನಂದ್ ಇಂಗ್ಲಿಷ್ ಪರೀಕ್ಷೆಗೂ ಹೋಗಿದ್ದ. ನಿಮ್ಮೂರಿನ ಹವೆಯ ಬಗ್ಗೆ ಮಾತಾಡಿ ಅಂದದ್ದಕ್ಕೆ "ವೆರಿ ಹಾಟ್" ಎಂದು ಹೇಳಿ, ಉಳಿದ ಹೊತ್ತು ನಗುತ್ತ ಕೂತಿದ್ದು ಬಂದಿದ್ದ.

"ನಾನಿದ್ರೆ ಸೊನ್ನೆ, ಇಲ್ದಿದ್ರೆ ಹತ್ತು," ಎಂದ ವರ್ಷಿಣಿಗೆ. "ಇಷ್ಟು ಬೆಲೆ ಬಾಳೋ ಗಂಡು ತಾಲ್ಲೂಕಲ್ಲೇ ಇಲ್ಲ ಕಣೇ."

"ಆಹ್ವಾನ ಒಂದು ಬರ್ಲಿ ಬಾವ, ಮಾರನೇ ದಿನವೇ ತಾಳಿ ಕಟ್ಟು," ಎಂದಳು ಅವಳು. ಇಬ್ಬರೂ ನಕ್ಕರು.

ಆ ಸೀಮೆಯಲ್ಲಿ ಕಾಯಿ ಕೆಡವಿದ ಕೂಡಲೇ ಒಡೆಯುವವರಿಲ್ಲ. ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಲೊಟಲೊಟ ಅನ್ನಬೇಕು. ಆಮೇಲೂ ರೇಟಿಗೆ ಕಾಯುತ್ತಾರೆ. ಕಾಯುವುದರಲ್ಲಿ ಸದಾಶಿವಯ್ಯನವರನ್ನು ಮೀರಿಸಿದವರಿರಲಿಲ್ಲ. ಹಾಗಾಗಿ ಅರ್ಜಿ ಈಗಲೇ ಹಾಕಿಬಿಡೋಣ ಎಂದ ಏಜೆಂಟನಿಗೆ ಅವರು ನಿಧಾನವಾಗಿ ತಿಳಿಹೇಳಿದರು.

"ಹಸಿ ಕಾಯಿ ಮಾರ್ಕೆಟ್ಟಿಗೆ ಹಾಕಿದ್ರೆ ಮನೆ ಹೆಸರು ಕೆಡ್ತದೆ ಕಣಪ್ಪ. ಎಂಟು ವರ್ಷದ ಅನುಭವ ತುಂಬಿದ್ರೆ ಇನ್ನೈದು ಬತ್ತದೆ ಅಂದ್ಯಲ್ಲ? ಅಲ್ಲೀಗಂಟ ಅಟ್ಟದ ಮೇಲೇ ಇರ್ಲಿ ಬುಡು."

ಏಜೆಂಟ್ ವಯಸ್ಸಿನ ಬಗ್ಗೆ ಏನೋ ಹೇಳಹೊರಟ. ಸದಾಶಿವಯ್ಯನವರು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು. ವರ್ಷಿಣಿಗೆ ಅದು ಕೇಳಿಸಿತು, ಆದರೂ ಅಪ್ಪನ ಹಿಂದೆಯೇ ಹೊರಟಳು. ಅವಳನ್ನು ಓದಿಸಿದ್ದೇ ಹೀಗೆ ಕಾದು ಮಾರಿದ ಕೊಬ್ಬರಿ.

ಗುರುಸಿದ್ದಮ್ಮನಿಗೆ ಕಾಯಿಲೆಯಾಯಿತು. ಮದುವೆ ಕಣ್ಣಲ್ಲಿ ನೋಡಿಬಿಡುತ್ತೇನೆ ಎಂದು ಅಣ್ಣನಿಗೆ ಹೇಳಿಕಳಿಸಿದಳು. ಅಣ್ಣ ಹಣ್ಣು ಕಳಿಸಿದರು. ಒಂದು ಮಧ್ಯಾಹ್ನ ದಯಾನಂದ್ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತ. ಆ ದಿನ ತಮಾಷೆಯಿರಲಿಲ್ಲ.

"ಮಾವ ಹೇಳಿದ್ದು ಬೇಡ. ನೀನು ಹೇಳು. ಈಗ ಮದ್ವೆ ಆಗಾನೋ, ಬ್ಯಾಡವೋ?"

ಆಗೋಣ ಎಂಬ ಮಾತು ವರ್ಷಿಣಿಯ ಗಂಟಲವರೆಗೂ ಬಂದಿತ್ತು. ಆದರೆ ಬಾಯಿಂದ ಬಂದದ್ದು ಅಪ್ಪನ ಮಾತು. "ಎಂಟು ವರ್ಷ ಒಂದು ತುಂಬಿಬಿಡ್ಲಿ ಬಾವ."

ಅವನು ಕಾಫಿ ಮುಗಿಸಿ, ಲೋಟವನ್ನು ತಾನೇ ತೊಳೆದು ಕವುಚಿಟ್ಟು ಹೋದ. ಆ ಮನೆಯಲ್ಲಿ ಅವನು ಅದುವರೆಗೆ ಲೋಟ ತೊಳೆದವನಲ್ಲ.

ಎಂಟು ವರ್ಷ ತುಂಬಿತು, ಅರ್ಜಿ ಹೋಯಿತು. ಅನುಭವಕ್ಕೆ ಐದು ಅಂಕ ಬಂತು. ಅಷ್ಟರಲ್ಲಿ ವರ್ಷಿಣಿಗೆ ಮೂವತ್ಮೂರು ತುಂಬಿತ್ತು. ಆ ವಯಸ್ಸಿನಿಂದಾಚೆಗೆ ಅಂಕ ಕಮ್ಮಿ; ವಯಸ್ಸಿನ ಲೆಕ್ಕದಲ್ಲಿ ಐದು ಹೋಯಿತು. ರೇಟಿಗೆಂದು ಕಾದರೆ ತೂಕ ಇಳಿಯುತ್ತದೆ ಎಂಬುದು ಕೊಬ್ಬರಿ ಬಲ್ಲವರಿಗೆಲ್ಲ ಗೊತ್ತು. ಸದಾಶಿವಯ್ಯನವರಿಗೂ ಗೊತ್ತಿತ್ತು, ಮಗಳ ವಿಷಯದಲ್ಲಿ ಹೊಳೆದಿರಲಿಲ್ಲ, ಅಷ್ಟೆ. ಅವರು ಅಂದು ಅಟ್ಟ ಹತ್ತಿ, ಕತ್ತಲಾದರೂ ಇಳಿಯಲಿಲ್ಲ. ಮೇಲೆ ಕಾಯಿ ಅಲ್ಲಾಡಿಸುವ ಸದ್ದು ಮಾತ್ರ ಕೇಳುತ್ತಿತ್ತು.

ಮಾಘದಲ್ಲಿ ದಯಾನಂದ್ ಲಗ್ನಪತ್ರಿಕೆ ಹಿಡಿದು ಬಂದ. ಹುಡುಗಿ ಸಂಪಿಗೆ ಊರಿನ ಲಿಖಿತಾ. ವರ್ಷಿಣಿ ಬೀರು ತೆಗೆದು ಕಪ್ಪು ಸಾಸರನ್ನು ತೊಳೆದಳು.

"ಲೋಟದಲ್ಲೇ ಕೊಡೇ," ಎಂದ ಅವನು.

"ಮದುಮಗ ಅಲ್ವಾ ಬಾವ."

ಅವನು ತಲೆಯೆತ್ತದೆ ಕುಡಿದ.

ಮದುವೆಯಾಗದವರಿಗೆ ಸಲ್ಲುವ ಹತ್ತು ಅಂಕ ಈಗಲೂ ವರ್ಷಿಣಿಯ ಹೆಸರಿನಲ್ಲಿದೆ. ಆಹ್ವಾನ ಬರಲಿಲ್ಲ.