ಮೇಣದ ಕೆನ್ನೆ

ಮುಚ್ಚಳಕ್ಕೆ ಎಂಟು ಸ್ಕ್ರೂ. ಅವನ್ನು ಬಿಗಿಯುವ ಮೊದಲು ಸತ್ತವರಿಗೆ ತೀರ ಹತ್ತಿರದವರೊಬ್ಬರು ಬಂದು, ಮುಖ ನೋಡಿ, ‘ಹೌದು, ಇವರೇ’ ಎನ್ನಬೇಕು. ಅದು ಆ ಶವಪೆಟ್ಟಿಗೆ ಅಂಗಡಿಯ ಕಾನೂನು. ಎಂದೋ ಒಮ್ಮೆ ಪಕ್ಕದ ಬೀದಿಯ ಅಂಗಡಿಯಲ್ಲಿ ಹೆಣ ಅದಲುಬದಲಾಗಿ, ಯಾರದೋ ಅತ್ತೆಗೆ ಇನ್ಯಾರದೋ ಸೊಸೆಯಂದಿರು ಎದೆ ಬಡಿದುಕೊಂಡು ಅತ್ತು ಮಣ್ಣು ಮಾಡಿ ಬಂದಿದ್ದರು. ಅಂದಿನಿಂದ ಅಂಗಡಿ ನಡೆಸುವ ಬಡಗಿ ಈ ಕಾನೂನು ಮಾಡಿಕೊಂಡ. ಅವನ ಹೆಂಡತಿ ಹಿಂದಿನ ಕೋಣೆಯಲ್ಲಿ ಸತ್ತವರ ಮುಖ ತಿದ್ದುವವಳು. ಊರಿಗೆಲ್ಲ ಅವಳು ಮುಖದಕ್ಕ.

ಅವತ್ತು ಬೆಳಗ್ಗೆ ಎಂಟಕ್ಕೆ ಮಗಳು ಬಂದಳು. ಮೂವತ್ತಾರರ ಹೆಂಗಸು, ಶಾಲೆಯಲ್ಲಿ ಪಾಠ ಹೇಳುವವಳು. ಕೈಚೀಲದಿಂದ ಹಳೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟಳು.

“ಹೀಗೆ ಮಾಡ್ಕೊಡಿ.”

ಫೋಟೋದಲ್ಲಿ ಇಪ್ಪತ್ತೆರಡರ ಹುಡುಗಿ ನಗುತ್ತಿದ್ದಳು, ಕೆನ್ನೆ ಬೆಣ್ಣೆಯ ಹಾಗೆ. ಮೇಜಿನ ಮೇಲೆ ಮಲಗಿದ್ದ ತಾಯಿಗೆ ಅರವತ್ತೈದು. ಬಲಗೆನ್ನೆಯ ಮೇಲೆ ಕಿವಿಯ ಬುಡದಿಂದ ಬಾಯಿಯ ಮೂಲೆಯವರೆಗೆ ಹಳೆಯ ಸುಟ್ಟ ಗುರುತು. ಹಗ್ಗ ಅಂಟಿಸಿದಂಥ ಮೂರು ಏರು, ಕಿವಿಯ ಕೆಳಗೆ ಬೆರಳ ತುದಿ ಹಿಡಿಸುವಷ್ಟು ಒಂದು ಕುಳಿ.

“ಸುಕ್ಕೆಲ್ಲ ತೆಗೀಲಾ ತಾಯಿ?”

“ಸುಕ್ಕು ಇರ್ಲಿ. ಅದೊಂದು ಹೋಗ್ಬೇಕು.” ಯಾವುದು ಎಂದು ಅವಳು ಬೆರಳು ತೋರಿಸಲಿಲ್ಲ. ಆ ಕಡೆ ನೋಡಲೂ ಇಲ್ಲ. “ದೇವರ ಹತ್ರ ಎಲ್ಲಾ ಹೊಸದಾಗುತ್ತೆ ಅಂತಾರಲ್ಲ. ಹೊರಡುವಾಗಾದ್ರೂ ಅಮ್ಮ ಚೆಂದವಾಗಿ ಹೊರಡ್ಲಿ.”

“ತಂದೆಯವರು ಏನಂತಾರೆ?”

“ಅಪ್ಪಂಗೆ ಕಣ್ಣು ಹೋಗಿ ಎಂಟು ವರ್ಷ ಆಯ್ತು. ಅವರಿಗೆ ತಿಳಿಯೋದೇ ಬೇಡ. ನೀವೂ ಹೇಳ್ಬೇಡಿ. ಮಾತು ಕೊಡಿ.”

ಮುಖದಕ್ಕ ಮಾತು ಕೊಟ್ಟಳು. ದುಃಖದಲ್ಲಿರುವವರ ಜೊತೆ ವಾದಕ್ಕಿಳಿಯುವ ಪೈಕಿ ಅಲ್ಲ ಅವಳು. ಚಮಚೆಯಲ್ಲಿ ಮೇಣ ಕರಗಿಸಿದಳು, ಬಣ್ಣದ ಪುಡಿ ಬೆರೆಸಿದಳು, ಕುಳಿ ತುಂಬಿದಳು, ಏರುಗಳ ನಡುವಿನ ತಗ್ಗು ಮಟ್ಟ ಮಾಡಿದಳು. ಒಂದೆರಡು ಸುಕ್ಕನ್ನೂ ಸೂಜಿಯಿಂದ ಎಳೆದಳು, ಎಡಗೆನ್ನೆಗೆ ಜೋಡಿಯಾಗಲಿ ಎಂದು. ಹತ್ತೂವರೆಗೆ ಮುಗಿದಾಗ ಅವಳಿಗೇ ಹೆಮ್ಮೆಯಾಯಿತು. ಬಡಗಿ ಬಾಗಿಲಲ್ಲಿ ನಿಂತು ಇಣುಕಿ, “ನಾನು ಸತ್ತಾಗ ನಂಗೂ ಸ್ವಲ್ಪ ಮೂಗು ಇಡೇ,” ಎಂದ.

“ನಿಮಗಿಡೋವಷ್ಟು ಮೇಣ ಊರಲ್ಲಿಲ್ಲ,” ಎಂದಳು ಅವಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮಗಳು ಅಪ್ಪನ ಕೈ ಹಿಡಿದು ಕರೆತಂದಳು. ಹಿಂದೆಯೇ ಪಾದ್ರಿ. ಹನ್ನೊಂದೂವರೆಗೆ ಚರ್ಚಿನಲ್ಲಿ ಪ್ರಾರ್ಥನೆ, ಹನ್ನೆರಡಕ್ಕೆ ಮಣ್ಣು. ಗಾಡಿ ಹೊರಗೆ ಕಾದಿತ್ತು.

ಮುದುಕ ಪೆಟ್ಟಿಗೆಯ ಅಂಚು ತಡವಿದ. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಬಲಗೈ ಇಳಿಯಿತು. ಹಣೆ, ಮೂಗು, ತುಟಿ, ಆಮೇಲೆ ಬಲಗೆನ್ನೆ. ಅಲ್ಲಿ ಬೆರಳು ನಿಂತಿತು. ಕಿವಿಯ ಬುಡಕ್ಕೆ ಹೋಯಿತು, ಏನನ್ನೋ ಹುಡುಕಿತು, ಸಿಗದೆ ಮತ್ತೆ ಕೆನ್ನೆಗೆ ಬಂತು.

ಇಪ್ಪತ್ತು ವರ್ಷದ ಕೆಲಸದಲ್ಲಿ ಮುಖದಕ್ಕ ನೋಡುವವರ ಕಣ್ಣಿಗಾಗಿಯೇ ಮುಖ ಮಾಡಿದ್ದಳು. ಬೆರಳಿನಿಂದ ನೋಡುವವನೂ ಇರುತ್ತಾನೆಂದು ಒಮ್ಮೆಯೂ ಹೊಳೆದಿರಲಿಲ್ಲ.

“ಇವಳಲ್ಲ,” ಎಂದ ಮುದುಕ.

“ಅಪ್ಪಾ, ಅಮ್ಮಾನೇ.”

“ಇವಳಲ್ಲ ಅಂದೆ. ನನ್ನ ಹೆಂಡ್ತಿ ಎಲ್ಲಿ?”

“ತಣ್ಣಗಾದ್ಮೇಲೆ ಮುಖ ಸ್ವಲ್ಪ ಊದಿಕೊಳ್ಳುತ್ತೆ ಅಜ್ಜಾ,” ಎಂದಳು ಮುಖದಕ್ಕ. ಅದು ಸುಳ್ಳು.

“ಊದಿಕೊಂಡ್ರೆ ಗಾಯ ಅಳಿಸಿ ಹೋಗುತ್ತೇನಮ್ಮ? ನಲವತ್ತು ವರ್ಷ ಜೊತೆಗೆ ಬಾಳಿದೋನು ನಾನು. ಯಾರನ್ನೋ ತಂದು ಮಲಗಿಸಿದೀರಿ. ನನ್ನವಳು ಯಾವ ಗುಂಡಿಗೆ ಹೋದ್ಲು ಹೇಳಿ!” ಅವನ ಕೈ ಪೆಟ್ಟಿಗೆಯ ಅಂಚನ್ನು ಬಿಡಲಿಲ್ಲ.

ಮಗಳು ತಡಮಾಡಲಿಲ್ಲ. “ಅವರಿಗೆ ಮರೆವು ಜಾಸ್ತಿ,” ಎಂದು ಬಡಗಿಯ ಕಡೆ ತಿರುಗಿದಳು. “ನಾನು ಮಗಳು. ನಾನು ಹೇಳ್ತೀನಿ, ಹೌದು, ಇವರೇ. ಸಾಕಲ್ವಾ? ಮುಚ್ಚಿ.”

ಬಡಗಿ ಸ್ಕ್ರೂಡ್ರೈವರ್ ಹಿಡಿದು ಹೆಂಡತಿಯನ್ನು ನೋಡಿದ. ಗೋಡೆ ಗಡಿಯಾರ ಹನ್ನೊಂದು ಬಾರಿಸಿತು. ಪಾದ್ರಿ ಕೆಮ್ಮಿ, “ಅಜ್ಜಾ, ಸ್ವಲ್ಪ ಸಮಾಧಾನ...” ಎಂದರು.

ಮಗಳ ಮಾತು ಸಾಕಾಗುತ್ತಿತ್ತು. ಕಾನೂನಿಗೆ ಅದು ಸಾಕು. ಆದರೆ ಈ ಮುದುಕ ಇನ್ನು ಬದುಕಿರುವಷ್ಟು ದಿನ, ಹೆಂಡತಿ ಎಲ್ಲೋ ಕಳೆದುಹೋಗಿದ್ದಾಳೆ, ತಾನು ಬೇರೆಯವಳಿಗೆ ಮಣ್ಣು ಹಾಕಿ ಬಂದೆ ಎಂದುಕೊಂಡು ಮಲಗುತ್ತಾನೆ. ಮುಖದಕ್ಕನಿಗೆ ಅದು ಕಣ್ಣಿಗೆ ಕಟ್ಟಿತು.

“ಮುಚ್ಬೇಡಿ,” ಎಂದಳು ಗಂಡನಿಗೆ. “ಅಜ್ಜಾ, ತಪ್ಪು ನಂದು. ಇವರು ನಿಮ್ಮೋರೇ. ಗುರುತಿನ ಮೇಲೆ ನಾನು ಮೇಣ ಮೆತ್ತಿದೀನಿ. ಕಾಲು ಗಂಟೆ ಕೊಡಿ.”

“ನೀವು ಮಾತು ಕೊಟ್ಟಿದ್ರಿ!” ಮಗಳು ಹಲ್ಲು ಕಚ್ಚಿದಳು.

“ಕೊಟ್ಟಿದ್ದೆ. ಈಗ ಮುರಿದೆ. ಬೈಯೋದಿದ್ರೆ ಆಮೇಲೆ ಬೈಯಿ ತಾಯಿ, ಈಗ ದೀಪ ಹಿಡಿ. ನಂಗೆ ಮೂರನೇ ಕೈ ಇಲ್ಲ.”

ಪಾದ್ರಿ ಮುದುಕನನ್ನು ಮುಂದಿನ ಕೋಣೆಯ ಬೆಂಚಿನ ಮೇಲೆ ಕೂರಿಸಿದರು. ಮೇಣ ಹಾಕುವುದು ಸುಲಭ, ತೆಗೆಯುವುದು ಪ್ರಾಣಸಂಕಟ. ಬಿಸಿ ಹೆಚ್ಚಾದರೆ ಚರ್ಮ ಮೇಣದ ಜೊತೆಗೇ ಕಿತ್ತು ಬರುತ್ತದೆ. ಬಂದರೆ ಮುಗಿಯಿತು, ಆಮೇಲೆ ಮುಚ್ಚಳ ಮುಚ್ಚುವುದೊಂದೇ ದಾರಿ. ಮುಖದಕ್ಕ ಬಿಸಿನೀರಲ್ಲಿ ಅರಿವೆ ಅದ್ದಿ, ಹಿಂಡಿ, ಕೆನ್ನೆಯ ಮೇಲಿಟ್ಟು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದಳು. ಮೂಳೆಯಲ್ಲಿ ಮಾಡಿದ ಮೊಂಡು ಚಾಕುವಿನಿಂದ ಅಂಚು ಎತ್ತಿದಳು. ಬಾಯಿಯ ಮೂಲೆಯಲ್ಲಿ ಚರ್ಮ ಸುಕ್ಕಾಗಿ ಮೇಲೆದ್ದಿತು.

“ಅಯ್ಯೋ!” ಎಂದಳು ಮಗಳು. ದೀಪ ಅಲುಗಿತು.

“ನೆಟ್ಟಗೆ ಹಿಡಿ.” ಮುಖದಕ್ಕ ಉಸಿರು ಬಿಗಿಹಿಡಿದು ಚಾಕುವನ್ನು ಈಚೆಗೆಳೆದು ಗಾಯದ ಮೇಲೆ ತಂದಳು. ಅಲ್ಲಿ ಮೇಣ ಅಂಟಿಕೊಂಡಿರಲಿಲ್ಲ. ದಪ್ಪಗೆ ಮಾಯ್ದ ಆ ಚರ್ಮ ಏನನ್ನೂ ಹತ್ತಿರ ಸೇರಿಸುವ ಹಾಗಿರಲಿಲ್ಲ. “ನೋಡು, ಮುಖದಲ್ಲೆಲ್ಲಾ ಗಟ್ಟಿ ಜಾಗ ಇದೇ.”

ಮಗಳು ನೋಡಲಿಲ್ಲ. ಗೋಡೆಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, “ಅದು ನನ್ನ ಕೆಲಸ,” ಎಂದಳು.

“ಏನು?”

“ಅಮ್ಮ ಚರ್ಚಿನ ಬಟ್ಟೆ ಒಗೀತಿದ್ಲು. ಒಲೆ ಮೇಲೆ ಬಟ್ಟೆಗೆ ಹಾಕೋ ಗಂಜಿ ಕುದೀತಿತ್ತು. ನಂಗೆ ಆರು ವರ್ಷ. ಬೇಡ ಬೇಡ ಅಂದ್ರೂ ಪಾತ್ರೆ ಎಳೆದೆ. ಅಮ್ಮ ಅಡ್ಡ ಬಂದು ನನ್ನ ಮೇಲೆ ಬಿದ್ಲು, ಗಂಜಿ ಅವಳ ಕೆನ್ನೆಗೆ ಸುರೀತು. ಪಾತ್ರೆ ತಾನಾಗಿ ಜಾರ್ತು ಅಂತ ಎಲ್ಲರಿಗೂ ಹೇಳಿದ್ಲು. ಅಪ್ಪಂಗೂ. ಮೂವತ್ತು ವರ್ಷ ಆ ಕೆನ್ನೆ ಮುಟ್ಟಿಲ್ಲ ನಾನು. ದೇವರ ಮುಂದೆ ಅಮ್ಮ ಅದೇ ಮುಖ ಹೊತ್ಕೊಂಡು ನಿಂತ್ರೆ, ಯಾರು ಮಾಡಿದ್ದು ಅಂತ ಕೇಳಲ್ವಾ?”

ಮುಖದಕ್ಕ ಎರಡನೇ ಅರಿವೆ ಹಿಂಡಿದಳು.

“ನಂಗೆ ಪಾದ್ರಿಗಳ ಹಾಗೆ ಪ್ರಸಂಗ ಮಾಡೋಕೆ ಬರಲ್ಲ. ಒಂದು ಮಾತ್ರ ಗೊತ್ತು. ಯೇಸುಸ್ವಾಮಿ ಸಾವು ಗೆದ್ದು ಎದ್ದು ಬಂದ್ರಲ್ಲ, ಬೇಕಂದಿದ್ರೆ ಮೈಯೆಲ್ಲಾ ನುಣ್ಣಗೆ ಮಾಡ್ಕೊಂಡು ಬರ್ಬಹುದಿತ್ತು. ನನ್ನಂಥೋಳು ಬೇಕಿತ್ತಾ ಅವರಿಗೆ? ಆದ್ರೂ ಕೈಯಲ್ಲಿ ಮೊಳೆ ತೂತು ಹಾಗೇ ಇಟ್ಕೊಂಡು ಬಂದ್ರು. ನಂಬದೇ ಇದ್ದ ಶಿಷ್ಯನ್ನ ಕರೆದು ಬೆರಳಿಟ್ಟು ನೋಡು ಅಂದ್ರು. ಯಾರು ಹೊಡೆದದ್ದು ಅಂತ ಪಟ್ಟಿ ಓದೋಕಲ್ಲ ತಾಯಿ. ನಾನೇ ಬಂದಿದೀನಿ, ಹೆದರ್ಬೇಡಿ ಅನ್ನೋಕೆ.”

ಕುಳಿಯಲ್ಲಿದ್ದ ಮೇಣ ಮಾತ್ರ ಬರಲಿಲ್ಲ. ಆಳದಲ್ಲಿ ಕೂತಿತ್ತು. ಗಡಿಯಾರ ಹನ್ನೊಂದೂ ಇಪ್ಪತ್ತು. ಹೊರಗೆ ಗಾಡಿಯವನು ಹಾರ್ನ್ ಒತ್ತಿದ. ಚಾಕು ಅಲ್ಲಿಗೆ ದಪ್ಪವಾಯಿತು, ಸೂಜಿ ಹಾಕಿದರೆ ತೂತು ಬೀಳುತ್ತದೆ.

“ಬೆರಳೇ ಆಗ್ಬೇಕು. ನಂದು ದಪ್ಪ,” ಎಂದಳು ಮುಖದಕ್ಕ.

ಮಗಳು ದೀಪವನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಕಿರುಬೆರಳನ್ನು ತಾಯಿಯ ಕಿವಿಯ ಕೆಳಗೆ ಇಟ್ಟಳು, ಮೆಲ್ಲಗೆ ತಿರುಗಿಸಿದಳು. ಮೇಣದ ಮಣಿಯೊಂದು ಕಳಚಿ ದಿಂಬಿನ ಮೇಲೆ ಉರುಳಿತು. ಅವಳು ಬೆರಳು ತೆಗೆಯಲಿಲ್ಲ.

ಮುದುಕನನ್ನು ಕರೆತಂದಾಗಲೂ ಅದು ಅಲ್ಲೇ ಇತ್ತು. ಅವನ ಕೈ ಕೆನ್ನೆಯ ಏರುಗಳನ್ನು ಒಂದೊಂದಾಗಿ ದಾಟಿ ಕುಳಿಗೆ ಬಂತು. ಅಲ್ಲಿ ಮಗಳ ಬೆರಳು ಸಿಕ್ಕಿತು.

“ಯಾರು?”

“ನಾನು ಅಪ್ಪಾ. ಅಪ್ಪಾ, ಆ ಪಾತ್ರೆ ಜಾರಲಿಲ್ಲ. ನಾನೇ...”

“ಗೊತ್ತು. ಆವತ್ತು ಆಸ್ಪತ್ರೇಲಿ ನಿಮ್ಮಮ್ಮ ಮಾತಾಡೋಕೆ ಆಗ್ದೇ ಇದ್ರೂ ಕೈಸನ್ನೇಲಿ ಕೇಳ್ತಿದ್ಲು, ಮಗೂಗೆ ಏನೂ ಆಗ್ಲಿಲ್ಲ ತಾನೇ ಅಂತ. ಪಾತ್ರೆ ತಾನಾಗಿ ಜಾರಿದ್ರೆ ನಿನ್ನ ಅಂಗೈ ಯಾಕೆ ಬೆಂದಿತ್ತು? ನಂಗೆ ಆಗ ಕಣ್ಣಿತ್ತು ಮಗಳೇ.” ಅವನು ಮಗಳ ಬೆರಳನ್ನು ಸರಿಸಲಿಲ್ಲ, ಅದರ ಮೇಲೆಯೇ ತನ್ನದನ್ನಿಟ್ಟ. “ನಿಂಗೆ ಗೊತ್ತಿಲ್ಲ, ದೀಪ ಆರಿಸಿದ ಮೇಲೂ ಇವಳು ನಂಗೆ ಕಾಣ್ತಿದ್ಲು, ಇದರಿಂದ.”

ಹಾರ್ನ್ ಮತ್ತೊಮ್ಮೆ ಕೂಗಿತು. ಪಾದ್ರಿ ಬಾಗಿಲಿಗೆ ಹೋಗಿ, ಕಾಯಲಿ ಎಂದು ಕೈ ಮಾಡಿದರು.

“ಹೌದು,” ಎಂದ ಮುದುಕ. “ಇವಳೇ.”

ಬಡಗಿ ಮೊದಲ ಸ್ಕ್ರೂ ಕೈಗೆತ್ತಿಕೊಂಡ. ಮುಖದಕ್ಕ ದಿಂಬಿನ ಮೇಲಿದ್ದ ಮೇಣದ ಮಣಿಯನ್ನು ಎತ್ತಿ ಡಬ್ಬಿಗೆ ಹಾಕಿದಳು. ಫೋಟೋವನ್ನು ಮಗಳ ಕಡೆ ಚಾಚಿದಳು. ಮಗಳು ಅದನ್ನು ತೆಗೆದುಕೊಳ್ಳಲಿಲ್ಲ. ಅವಳ ಎರಡೂ ಕೈ ಅಪ್ಪನ ಕೈಯಲ್ಲಿದ್ದವು.